ಕೆಲಸ ಮುಗಿಸಿ ಕರಗಿ ಹೋಗುವ ದಾರ

ಕುಡುಗೋಲು ತಾಗಿ ಕೈ ಸೀಳಿತು ಅನ್ನಿ. ಡಾಕ್ಟರು ಹೊಲಿಗೆ ಹಾಕಿ, ವಾರ ಬಿಟ್ಟು ಬಿಚ್ಚಿಸಿಕೊಂಡು ಹೋಗ್ರಿ ಅನ್ನುತ್ತಾರೆ. ಜತ್ತ ಕಡೆಯ ಹಳ್ಳಿಯವನಿಗೆ ಅದೆಂದರೆ ಒಂದು ದಿನದ ಪಗಾರ ಹೋಯಿತು, ಮೇಲೆ ಬಸ್ ಚಾರ್ಜು. ಆದರೆ ಹೆರಿಗೆ ಆಪರೇಷನ್ನಿನಲ್ಲಿ ಗರ್ಭಕೋಶಕ್ಕೆ ಹಾಕಿದ ಹೊಲಿಗೆಯನ್ನು ಯಾರೂ ಬಿಚ್ಚುವುದಿಲ್ಲ. ಅದು ಎಲ್ಲಿಗೆ ಹೋಗ್ತದ?

ಮೊದಲು ಇದಕ್ಕೆ ಕುರಿ, ದನದ ಕರುಳಿನಿಂದ ಮಾಡಿದ ದಾರ ಇತ್ತು. ಹೆಸರು ಕ್ಯಾಟ್‌ಗಟ್. ಹೆಸರಿನಲ್ಲಿ ಬೆಕ್ಕಿದೆ, ದಾರದಲ್ಲಿ ಬೆಕ್ಕಿಲ್ಲ! ಶರೀರ ಅದನ್ನು ಜೀರ್ಣಿಸಿಕೊಳ್ಳುತ್ತಿತ್ತು, ಆದರೆ ಒಬ್ಬರಲ್ಲಿ ಬೇಗ, ಇನ್ನೊಬ್ಬರಲ್ಲಿ ತಡ. 1970ರ ಸುಮಾರಿಗೆ ಅಮೆರಿಕದಲ್ಲಿ ಕಾರ್ಖಾನೆಯಲ್ಲೇ ತಯಾರಾದ ಕರಗುವ ದಾರ ಬಂತು. ಅದರ ಹಿಂದೆಯೇ 1974ರಲ್ಲಿ ವಿಕ್ರಿಲ್.

ವಿಕ್ರಿಲ್‌ನಲ್ಲಿ ಲ್ಯಾಕ್ಟಿಕ್ ಆಮ್ಲ ಇದೆ. ನಿಮ್ಮ ಮನೆಯ ಮೊಸರಿನ ಹುಳಿಯೂ ಅದೇ. ಗೋವಿನಜೋಳದ (ಮರಾಠಿಯವರ ಮಕಾ) ಪಿಷ್ಟವನ್ನು ಹುದುಗಿಸಿಯೂ ಈ ಆಮ್ಲ ತೆಗೆಯುತ್ತಾರೆ. ಇಂಥ ಆಮ್ಲಗಳ ಸಾವಿರಾರು ಕಣಗಳನ್ನು ಮಣಿಸರದಂತೆ ಪೋಣಿಸಿದರೆ ಪಾಲಿಮರ್ ಎಂಬ ಗಟ್ಟಿ ವಸ್ತು ಆಗುತ್ತದೆ. ಶರೀರದಲ್ಲಿನ ನೀರು ಆ ಸರವನ್ನು ಅಲ್ಲಲ್ಲಿ ಕಡಿಯುತ್ತ ಹೋಗುತ್ತದೆ. ಬಿಡಿ ಮಣಿಗಳು ಕೊನೆಗೆ ನೀರು, ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲೂ ಮೂತ್ರದಲ್ಲೂ ಹೊರಬೀಳುತ್ತವೆ. ಎರಡು ವಾರದ ಮೇಲೂ ವಿಕ್ರಿಲ್ ದಾರದಲ್ಲಿ ಮುಕ್ಕಾಲು ಪಾಲು ಬಲ ಇರುತ್ತದೆ. 56ರಿಂದ 70 ದಿನಕ್ಕೆ ದಾರವೇ ಇಲ್ಲ.

ಲೆಕ್ಕ ಹಾಕಿದಂತೆ ಕರಗುವ ವಸ್ತು ಸಿಕ್ಕಿತಲ್ಲ, ಅದರೊಳಗೆ ಔಷಧ ಬೆರೆಸಿದರೆ? ರಾಬರ್ಟ್ ಲ್ಯಾಂಗರ್ ಎಂಬ ಅಮೆರಿಕದ ಎಂಜಿನಿಯರ್ ಈ ದಾರಿ ಹಿಡಿದರು. ಬಾಲ್ಟಿಮೋರಿನ ಮೆದುಳು ಸರ್ಜನ್ ಹೆನ್ರಿ ಬ್ರೆಮ್ ಜೊತೆಗೂಡಿದರು. ಮೆದುಳಿನ ಕ್ಯಾನ್ಸರ್ ಗಡ್ಡೆ ತೆಗೆದರೂ ಬೇರು ಉಳಿದು ಮತ್ತೆ ಚಿಗುರುತ್ತದೆ. ನರದಲ್ಲಿ ಔಷಧ ಏರಿಸಿದರೆ ಮೆದುಳಿಗೆ ಮುಟ್ಟುವುದು ಕಮ್ಮಿ, ಮೈಯೆಲ್ಲ ವಿಷ. ಇವರು ಬೇರೊಂದು ಜಾತಿಯ ಪಾಲಿಮರ್‌ನಲ್ಲಿ ಔಷಧ ಸೇರಿಸಿ ಬಿಲ್ಲೆ ಮಾಡಿದರು. ಅಗಲ ಒಂದೂವರೆ ಸೆಂಟಿಮೀಟರಿಗೂ ತುಸು ಕಮ್ಮಿ, ದಪ್ಪ ಒಂದು ಮಿಲಿಮೀಟರ್. ಗಡ್ಡೆ ತೆಗೆದ ಕುಳಿಯಲ್ಲಿ ಎಂಟರವರೆಗೆ ಇಟ್ಟು ತಲೆ ಮುಚ್ಚುವುದು. ಮಳೆಗೆ ಸಿಕ್ಕ ಬೆಲ್ಲದ ಪೆಂಟಿಯಂತೆ ಬಿಲ್ಲೆ ಹೊರಮೈಯಿಂದ ಸವೆಯುತ್ತದೆ, ಔಷಧ ಅಲ್ಲೇ ಇಳಿಯುತ್ತದೆ.

ಫಲ ಏನು? ಮರುಕಳಿಸಿದ ಗಡ್ಡೆಯ 222 ರೋಗಿಗಳ ಪರೀಕ್ಷೆಯ ವರದಿ 1995ರಲ್ಲಿ ಬಂತು. ಬರೀ ಬಿಲ್ಲೆ ಇಟ್ಟವರು ನಡುಮಟ್ಟದ ಲೆಕ್ಕದಲ್ಲಿ 23 ವಾರ ಬದುಕಿದರು, ಔಷಧದ ಬಿಲ್ಲೆಯವರು 31 ವಾರ. ಎಂಟೇ ವಾರ! ರೋಗ ವಾಸಿಯಾಯಿತು ಅನ್ನುವ ಹಾಗಿಲ್ಲ. ಆದರೂ ಮನೆ-ಹೊಲದ ಕಾಗದಪತ್ರ ಸರಿಮಾಡಿಕೊಳ್ಳಬೇಕಾದವನನ್ನು ಕೇಳಿ, ಎಂಟು ವಾರದ ಬೆಲೆ ಹೇಳ್ತಾನೆ. 1996ರಲ್ಲಿ ಅಮೆರಿಕ ಸರಕಾರ ಒಪ್ಪಿಗೆ ಕೊಟ್ಟಿತು. ಫಿಟ್ಸ್, ಮೆದುಳಿನ ಬಾವು, ಗಾಯ ಮಾಯದಿರುವ ತೊಂದರೆಗಳೂ ಇವೆ.

ಇದೇ ವಸ್ತು ಹಂದರವೂ ಆಗುತ್ತದೆ. ಹೀರೆ ಬಳ್ಳಿಗೆ ಹಂದರ ಹಾಕಿದಂತೆ, ಹೊಸ ಮಾಂಸ, ಎಲುಬು ಹಬ್ಬಲು ರಂಧ್ರಗಳ ಚೌಕಟ್ಟು. ಬೆಳೆದು ನಿಲ್ಲುವ ಹೊತ್ತಿಗೆ ಹಂದರ ಕರಗಿರಬೇಕು. ವಸಡಿನ ಕೆಳಗೆ ಎಲುಬು ಸವೆದ ಕಡೆ ಹಲ್ಲಿನ ಡಾಕ್ಟರರು ಇಂಥ ತೆಳು ಹಾಳೆ ಇಟ್ಟು, ಎಲುಬು ಬೆಳೆಯಲು ಜಾಗ ಕಾಯುತ್ತಾರೆ.

ಎಲ್ಲ ಕಡೆ ಲೆಕ್ಕ ಕೂಡಿಬರಲಿಲ್ಲ. ಹೃದಯದ ರಕ್ತನಾಳದಲ್ಲಿ ಇಡುವ ಕರಗುವ ಸ್ಟೆಂಟಿಗೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ಲೋಹದ ಸ್ಟೆಂಟಿಗಿಂತ ಇದರಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚೆಂದು ಕಂಡು, 2017ರಲ್ಲೇ ಕಂಪನಿ ಮಾರಾಟ ನಿಲ್ಲಿಸಿತು. ದಪ್ಪ ಕಡ್ಡಿ, ಕರಗಲು ಸುಮಾರು ಮೂರು ವರ್ಷ. ನೆತ್ತರು ಅಷ್ಟು ದಿನ ಸುಮ್ಮನಿರಲಿಲ್ಲ.

ಚರ್ಮದ ಮೇಲಿನ ಹೊಲಿಗೆಗೆ ಇವತ್ತಿಗೂ ಹೆಚ್ಚಾಗಿ ನೈಲಾನ್ ದಾರವೇ. ಅದು ಕರಗುವುದಿಲ್ಲ, ಬಿಚ್ಚಿಸಲೇಬೇಕು. ಯಾವ ದಾರ ಹಾಕೀರಿ ಅಂತ ದವಾಖಾನೆಯಲ್ಲೇ ಕೇಳಿಕೊಂಡು ಬಸ್ ಹತ್ತಿ.