ನಿಮಗಿದು ಗೊತ್ತೇ? ಹಳೇ ಪಿಕಪ್ಪಿಗೆ ಜಾತಕ ಕೂಡಿಸುವ ಕಥೆ!

ನಲವತ್ತು ಐವತ್ತು ವರ್ಷ ಹಳೆಯ ಷೆವರ್ಲೆ, ಫೋರ್ಡ್, ಡಾಡ್ಜ್ ಪಿಕಪ್‌ಗಳನ್ನು ಮತ್ತೆ ರಸ್ತೆಗಿಳಿಸುವ ಹುಚ್ಚು ಅಮೆರಿಕದಲ್ಲಿ ಜೋರು. ಬಣ್ಣ ಬಳಿಯುವುದು, ಸೀಟು ಹೊಲಿಸುವುದು ಏನು ಮಹಾ! ಕಸರತ್ತೆಲ್ಲ ಗಾಡಿಯ ಅಡಿಯಲ್ಲಿ. ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್, ಆಕ್ಸೆಲ್ ಇವೆಯಲ್ಲ, ಗುಜರಿಯಿಂದ ತಂದರೆ ಇವು ಕೂರುತ್ತವೋ ಇಲ್ಲವೋ? ಗಂಡು ಹೆಣ್ಣಿನ ಜಾತಕ ನೋಡಿದಂತೆ ನೋಡಬೇಕು. ಕೂಡುವಂತೆ ಕಂಡದ್ದು ಕೂಡುವುದಿಲ್ಲ. ಕೂಡಲಾರದು ಅಂದುಕೊಂಡದ್ದು ಸಲೀಸಾಗಿ ಕೂಡಿಬಿಡುತ್ತದೆ!

ಷೆವರ್ಲೆ 1955ರಲ್ಲಿ ತನ್ನ ಹೊಸ ಸಣ್ಣ ವಿ8 ಎಂಜಿನ್ ತಂದಿತು. ಅದರ ಬೆನ್ನಿಗೆ ಗೇರ್‌ಬಾಕ್ಸ್ ಕೂರಿಸುವ ಬೋಲ್ಟ್ ತೂತುಗಳ ಜಾಗ ಗುರುತು ಮಾಡಿದರು. ಆಮೇಲೆ ಬಂದ ದೊಡ್ಡ ವಿ8ಗೂ ಅದೇ ತೂತು. 1997ರಲ್ಲಿ ಬಂದ ಎಲ್‌ಎಸ್ ಎಂಜಿನ್ನಿಗೂ ಹೆಚ್ಚುಕಡಿಮೆ ಅದೇ, ಒಂದೇ ಒಂದು ತೂತು ಸ್ಥಾನ ತಪ್ಪಿದೆ ಅಷ್ಟೆ. ಅಪ್ಪನ ಕಾಲದ ಗೇರ್‌ಬಾಕ್ಸು ಮಗನ ಕಾಲದ ಎಂಜಿನ್ನಿಗೆ ಬೋಲ್ಟ್ ಆಗುತ್ತದೆ!

ಹಿಗ್ಗಬೇಡಿ, ತಡೆಯಿರಿ. ಎಲ್‌ಎಸ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟಿನ ತುದಿ ಸುಮಾರು 0.4 ಅಂಗುಲ ಒಳಗೆ ಸರಿದು ಕೂತಿದೆ. ಅಂದರೆ ಹತ್ತು ಮಿಲಿಮೀಟರ್. ಹೊರಗಿನ ಬೋಲ್ಟೆಲ್ಲ ಸರಿಯಾಗಿ ಬಿಗಿಯುತ್ತವೆ, ಒಳಗೆ ಮಾತ್ರ ಒಂದಕ್ಕೊಂದು ಎಟಕುವುದಿಲ್ಲ. ನಡುವೆ ಒಂದು ದಪ್ಪ ಸ್ಪೇಸರ್ ಇಡಬೇಕು!

ಫೋರ್ಡ್ ಕಥೆ ಪೂರ್ತಿ ತದ್ವಿರುದ್ಧ. ಒಂದೇ ಕಂಪನಿ, ಆದರೆ ವಿ8 ಎಂಜಿನ್ನಿನ ಮನೆತನಗಳಲ್ಲಿ ಹಲವಕ್ಕೆ ಬೇರೆ ಬೇರೆ ತೂತು. ಸಣ್ಣ ವಿ8ನಲ್ಲೇ ನೋಡಿ, 1964ರ ಮಾಡೆಲ್ಲಿಗೆ ಐದು ಬೋಲ್ಟು, 1965ರದ್ದಕ್ಕೆ ಆರು. ಒಂದು ವರ್ಷದ ಅಂತರ, ಗೇರ್‌ಬಾಕ್ಸ್ ಕೂರುವುದಿಲ್ಲ!

ಇದು ನನಗೆ ಬಹಳ ಇಷ್ಟದ್ದು. ಷೆವರ್ಲೆ 350 ಅಂತ ಹೆಸರಿರುವ ಎರಡು ಎಂಜಿನ್ ಅಕ್ಕಪಕ್ಕ ಇಟ್ಟುಕೊಳ್ಳಿ. ಒಂದು 1985ರದ್ದು, ಒಂದು 1986ರದ್ದು. ಎಣ್ಣೆ ಸೋರದಂತೆ ತಡೆಯುವ ಹಿಂದಿನ ಸೀಲನ್ನು 1986ರಲ್ಲಿ ಎರಡು ತುಂಡಿನ ಬದಲು ಒಂದೇ ಬಳೆಯಾಗಿ ಮಾಡಿದರು. ಅದಕ್ಕಾಗಿ ಕ್ರ್ಯಾಂಕಿನ ತುದಿ ಬದಲಾಯಿತು. ಅಲ್ಲಿನ ಬೋಲ್ಟ್ ವೃತ್ತ 3.58 ಅಂಗುಲದಿಂದ 3 ಅಂಗುಲಕ್ಕೆ ಇಳಿಯಿತು. ಒಂದು ರಬ್ಬರ್ ಬಳೆಯ ದೆಸೆಯಿಂದ ಆ ತುದಿಗೆ ಕೂರುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಅದಲುಬದಲಾಗದಂತಾಯಿತು!

ಅದೇ ವಂಶದ ಷೆವರ್ಲೆ 400 ಇನ್ನೂ ತಮಾಷೆ. ಅದರ ಫ್ಲೈವೀಲ್ ಬೇಕೆಂದೇ ಒಂದು ಕಡೆ ಭಾರ! ಕ್ರ್ಯಾಂಕಿನ ತೂಕ ಸರಿದೂಗಿಸಲು ಆ ಭಾರವನ್ನು ಹೊರಗಿನ ಚಕ್ರದಲ್ಲಿ ಇಟ್ಟಿದ್ದಾರೆ. 1985ರವರೆಗಿನ 350ರ ಫ್ಲೈವೀಲ್ ತಂದರೆ ಚೆನ್ನಾಗಿಯೇ ಕೂರುತ್ತದೆ. ಸ್ಟಾರ್ಟ್ ಮಾಡಿದ ಮೇಲೆ ಇಡೀ ಗಾಡಿ ನಡುಗುತ್ತದೆ!

ಇನ್ನು ಗೇರ್‌ಬಾಕ್ಸಿನ ಹಿಂಬದಿಗೆ ಬನ್ನಿ. ಶಾಫ್ಟಿನ ತುದಿಯಲ್ಲಿ ಸುತ್ತಲೂ ಕೊರೆದ ಸಣ್ಣ ಹಲ್ಲುಗಳಿವೆಯಲ್ಲ, ಆ ಸ್ಪ್ಲೈನ್ ಎಣಿಸಿ. ಷೆವರ್ಲೆಯ ಗೇರ್‌ಬಾಕ್ಸುಗಳ ಪೈಕಿ 1962ರ ಅಲ್ಯೂಮಿನಿಯಂ ಪವರ್‌ಗ್ಲೈಡ್‌ನಲ್ಲಿ 27. ಟಿಎಚ್350ರಲ್ಲಿ 27. 1982ರ 700ಆರ್4ನಲ್ಲೂ 27! ಇಪ್ಪತ್ತು ವರ್ಷದ ಅಂತರದ ಮೂರು ಗೇರ್‌ಬಾಕ್ಸಿಗೆ ಒಂದೇ ಯೋಕ್, ಅಂದರೆ ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕೊಂಡಿ, ಜಾರಿ ಕೂರುತ್ತದೆ. ಟಿಎಚ್350ರ ಅಣ್ಣ ಟಿಎಚ್400ಕ್ಕೆ ಮಾತ್ರ 32. ಕೂರಿಸಿ ನೋಡೋಣ!

ಹೆಸರು ಒಂದೇ ಇದ್ದರೆ ಉದ್ದವೂ ಒಂದೇ ಇರುತ್ತದೆಯೇ? ಇಲ್ಲ! ಟಿಎಚ್350ಕ್ಕೆ ಬಾಲ ಮೂರು ಅಳತೆಯಲ್ಲಿ ಬಂದಿದೆ: 6, 9, 12 ಅಂಗುಲ. ತಪ್ಪು ಬಾಲದ್ದು ತಂದರೆ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಿಸಬೇಕು, ಇಲ್ಲವೇ ಉದ್ದನೆಯದು ಮಾಡಿಸಬೇಕು.

ಮಣ್ಣು, ಗ್ರೀಸು ಮೆತ್ತಿಕೊಂಡು ನಂಬರ್ ಕಾಣದ ಗೇರ್‌ಬಾಕ್ಸನ್ನು ಗುರುತಿಸುವುದು ಹೇಗೆ? ಬಗ್ಗಿ ಎಣ್ಣೆ ತಟ್ಟೆಯ ಆಕಾರ ನೋಡಿ! ಟಿಎಚ್350ರದ್ದು ಚೌಕ, ಒಂದು ಮೂಲೆ ಮಾತ್ರ ಕತ್ತರಿಸಿದಂತೆ. 700ಆರ್4ರದ್ದು ನೇರ ಆಯತ, ಸುತ್ತ 16 ಬೋಲ್ಟು. ಟಿಎಚ್400ರದ್ದು ಅಂಕುಡೊಂಕು. ಆಕಾರವೇ ಆಧಾರ್ ಕಾರ್ಡು!

ಈಗ ಕ್ರಾಸ್. ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯಲ್ಲಿ ಕೂಡಿಸುವ ಚಿಹ್ನೆಯಂಥ ಕಬ್ಬಿಣ ಇದೆಯಲ್ಲ, ಅದೇ. ಇಟಲಿಯ ಕಾರ್ಡಾನೋ ಹೆಸರು ಇದಕ್ಕೆ ಅಂಟಿಕೊಂಡಿದೆ, ಅವನು 16ನೇ ಶತಮಾನದವನು! ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ಸೂರ್ಯನನ್ನು ನೋಡುವ ಉಪಕರಣಕ್ಕಾಗಿ ಇದನ್ನು ವಿವರಿಸಿದ. ಮೋಟಾರು ಗಾಡಿಗೆ ಅಳವಡಿಸಿ 1903ರಲ್ಲಿ ಪೇಟೆಂಟ್ ಪಡೆದವನು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕ್ಲಾರೆನ್ಸ್ ಸ್ಪೈಸರ್. ಸೈಕಲ್ಲಿನ ಹಾಗೆ ಚೈನಿನಿಂದ ಓಡುವ ಕಾರು ಅವನಿಗೆ ಹಿಡಿಸಿರಲಿಲ್ಲ. ಅವನ ಹೆಸರಿನ ಕ್ರಾಸ್ ಇವತ್ತು ನಮ್ಮ ಬಿಡಿಭಾಗದ ಅಂಗಡಿಗಳಲ್ಲೂ ಸಿಗುತ್ತದೆ!

ಪಿಕಪ್‌ಗಳಲ್ಲಿ ಹೆಚ್ಚಾಗಿ ಕಾಣುವ ಸ್ಪೈಸರ್ ಕ್ರಾಸ್ ಮೂರು: 1310, 1330, 1350. ಈಗ ಚಮತ್ಕಾರ ನೋಡಿ. 1310 ಮತ್ತು 1330ಕ್ಕೆ ಕೈಗಳ ತುದಿಯ ಬೇರಿಂಗ್ ಕಪ್ಪಿನ ವ್ಯಾಸ ಒಂದೇ, 1.062 ಅಂಗುಲ. ಅಗಲ ಬೇರೆ. 1330 ಮತ್ತು 1350ಕ್ಕೆ ಅಗಲ ಒಂದೇ, 3.625 ಅಂಗುಲ. ಕಪ್ಪಿನ ವ್ಯಾಸ ಬೇರೆ! ನಡುವಿನವನು ಇಬ್ಬರಿಗೂ ನೆಂಟ, ಆ ಇಬ್ಬರು ಪರಸ್ಪರ ಪರಕೀಯರು. ಹೀಗಾಗಿ ಎರಡು ಕೈ ಒಂದು ಅಳತೆ, ಇನ್ನೆರಡು ಕೈ ಇನ್ನೊಂದು ಅಳತೆ ಇರುವ ಬೆರಕೆ ಕ್ರಾಸನ್ನೇ ಮಾಡಿ ಮಾರುತ್ತಾರೆ. ಗೇರ್‌ಬಾಕ್ಸ್ ಒಂದು ಕಂಪನಿಯದು, ಆಕ್ಸೆಲ್ ಇನ್ನೊಂದರದು ಆದಾಗ ಗಾಡಿ ಓಡಿಸುವುದು ಇದೇ ಪುಟ್ಟ ತುಂಡು. ಅಂಗಡಿಗೆ ಹೋಗುವಾಗ ಹಳೇ ಕ್ರಾಸನ್ನೂ ವರ್ನಿಯರ್ ಅಳತೆಗೋಲನ್ನೂ ಜೇಬಿಗೆ ಹಾಕಿಕೊಳ್ಳಿ!

ಹಳೇ ಷೆವರ್ಲೆ ಶಾಫ್ಟಿನಲ್ಲಿ ಕ್ರಾಸ್ ಬಿಚ್ಚಲು ಹೋದವರು ಸರ್‌ಕ್ಲಿಪ್ ಹುಡುಕುತ್ತಾ ಕೂರುತ್ತಾರೆ. ಸಿಗುವುದಿಲ್ಲ. ಇಲ್ಲವೇ ಇಲ್ಲ! ಕಾರ್ಖಾನೆಯಲ್ಲಿ ಕರಗಿದ ಪ್ಲಾಸ್ಟಿಕ್ಕನ್ನು ಸಣ್ಣ ತೂತಿನಿಂದ ಒಳಗೆ ತುಂಬಿ ಕಪ್ಪುಗಳನ್ನು ಹಿಡಿಸಿದ್ದಾರೆ. ಬಿಚ್ಚುವ ವಿದ್ಯೆ ಏನು ಗೊತ್ತೇ? ಗ್ಯಾಸ್ ಟಾರ್ಚಿನಿಂದ ಕಾಯಿಸಿ. ಅದೇ ತೂತಿನಿಂದ ಪ್ಲಾಸ್ಟಿಕ್ ಎಳೆಯಾಗಿ ಹೊರಬರುತ್ತದೆ. ಆಮೇಲೆ ಒತ್ತಿದರೆ ಕಪ್ಪು ಜಾರುತ್ತದೆ. ಹೊಸ ಕ್ರಾಸಿಗೆ ಮಾಮೂಲಿ ಕ್ಲಿಪ್ಪೇ ಇರುತ್ತದೆ.

ಶಾಫ್ಟ್ ನೇರವಾಗಿದ್ದಷ್ಟೂ ಕ್ರಾಸ್ ಬಾಳಿಕೆ ಜಾಸ್ತಿ ಅಂದುಕೊಂಡಿರಾ? ಪೂರ್ತಿ ನೇರವಿದ್ದರೆ ಬೇಗ ಹಾಳಾಗುತ್ತದೆ! ಒಳಗಿನ ಸೂಜಿ ಬೇರಿಂಗುಗಳು ಉರುಳದೆ ನಿಂತಲ್ಲೇ ಒತ್ತಿ ಗುಂಡಿ ಬೀಳಿಸುತ್ತವೆ. ಅವು ಉರುಳಲು ಒಂದು ಡಿಗ್ರಿಯಷ್ಟಾದರೂ ಓರೆ ಬೇಕು.

ಓರೆ ಇದ್ದರೂ ಕಾಟ ತಪ್ಪಿದ್ದಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಶಾಫ್ಟ್ ಜೋರಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತದೆ. ಇನ್ನೊಂದು ತುದಿಯ ಕ್ರಾಸ್ ಅದನ್ನು ಸರಿಮಾಡುತ್ತದೆ, ಆದರೆ ಎರಡೂ ತುದಿಯ ಯೋಕ್ ಒಂದೇ ಸಾಲಿನಲ್ಲಿದ್ದರೆ ಮಾತ್ರ. ಬಿಚ್ಚುವ ಮೊದಲು ಚಾಕ್‌ಪೀಸಿನಲ್ಲಿ ಒಂದು ಗೀಟು ಎಳೆದಿಡಿ. ಒಂದು ಹಲ್ಲು ತಪ್ಪಿ ಕೂರಿಸಿದರೂ ನಡುಕ!

ಷೆವರ್ಲೆ 3100, 1947ರಿಂದ 1954ರವರೆಗಿನ ಆ ಗುಂಡುಗುಂಡು ಪಿಕಪ್ಪು. ಅದರ ಅಡಿಯಲ್ಲಿ ಶಾಫ್ಟೇ ಕಾಣುವುದಿಲ್ಲ! ಒಂದು ದಪ್ಪ ಕೊಳವೆಯೊಳಗೆ ಅಡಗಿ ತಿರುಗುತ್ತದೆ. ಹಿಂದಿನ ಆಕ್ಸೆಲ್ ಒಂದನ್ನೇ ಬದಲಿಸೋಣ ಅಂತ ಹೊರಟರೆ ಕೊಳವೆ ಹೋಗಬೇಕು. ಕೊಳವೆ ಹೋದರೆ ಗೇರ್‌ಬಾಕ್ಸೂ ಹೋಗಬೇಕು. ಒಂದು ತರಲು ಹೋಗಿ ಮೂರು ತಂದವರೇ ಎಲ್ಲ!

ಫೋರ್ಡಿನ ಪ್ರಸಿದ್ಧ 9 ಅಂಗುಲದ ಆಕ್ಸೆಲ್ 1957ರಿಂದ 1986ರವರೆಗೆ ಬಂತು. ಅದರ ಹಿಂಬದಿಯಲ್ಲಿ ಬಿಚ್ಚುವ ಮುಚ್ಚಳವೇ ಇಲ್ಲ, ಕ್ರೌನ್ ಪಿನಿಯನ್ ಇಡಿಯಾಗಿ ಮುಂದಿನಿಂದ ಹೊರಬರುತ್ತದೆ. ಷೆವರ್ಲೆಯ 10.5 ಅಂಗುಲದ 14 ಬೋಲ್ಟಿನ ಆಕ್ಸೆಲ್ ಇನ್ನೂ ಬೆರಗು. ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ ಹಬ್ಬಿನ ಬೋಲ್ಟ್ ಬಿಚ್ಚಿ ಆಕ್ಸೆಲ್ ರಾಡನ್ನು ಹೊರಗೆಳೆಯಬಹುದು! ಅದೇ ಕಂಪನಿಯ 9.5 ಅಂಗುಲದ್ದಕ್ಕೂ ಮುಚ್ಚಳದಲ್ಲಿ 14 ಬೋಲ್ಟೇ. ಎಣಿಸಿ ನಂಬಿ ತಂದವರಿಗೆ ದೇವರೇ ಗತಿ.

ಡಿಫರೆನ್ಷಿಯಲ್ ಬಿಚ್ಚದೆಯೇ ಗೇರಿನ ಅನುಪಾತ ತಿಳಿಯಬಹುದೇ? ಖಂಡಿತ! ಮಿಕ್ಕ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ಲಿಗೆ ಹಾಕಿ, ಒಂದು ಹಿಂಚಕ್ರವನ್ನು ಮಾತ್ರ ಜಾಕಿನಿಂದ ಎತ್ತಿ. ಆ ಚಕ್ರವನ್ನು ಎರಡು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತು ಬಂತೆಂದು ಎಣಿಸಿ. ಮೂರೂ ಮುಕ್ಕಾಲಿಗೆ ಚೂರು ಕಮ್ಮಿ ಬಂದರೆ 3.73. ಒಂದು ಸುತ್ತಿಗಲ್ಲ, ಎರಡಕ್ಕೆ! ಇನ್ನೊಂದು ಚಕ್ರ ನೆಲಕ್ಕೆ ಕಚ್ಚಿ ನಿಂತಿದೆಯಲ್ಲ, ಮಾಮೂಲಿ ಡಿಫರೆನ್ಷಿಯಲ್ ಆಗ ಚಕ್ರದ ಸುತ್ತನ್ನು ಅರ್ಧ ಮಾಡುತ್ತದೆ.

ಆ 3.73 ಹೇಗೆ ಬಂತು? ಕ್ರೌನ್ ವೀಲಿನ 41 ಹಲ್ಲು, ಪಿನಿಯನ್ನಿನ 11 ಹಲ್ಲು. ಎರಡೂ ಅವಿಭಾಜ್ಯ ಸಂಖ್ಯೆ! ಹಾಗಾಗಿ ಇಲ್ಲಿಯ ಪ್ರತಿ ಹಲ್ಲೂ ಅಲ್ಲಿಯ ಪ್ರತಿ ಹಲ್ಲನ್ನು ಸರದಿಯಂತೆ ಭೇಟಿಯಾಗುತ್ತದೆ. ಸವೆತ ಎಲ್ಲಕ್ಕೂ ಸಮಪಾಲು. ಇಷ್ಟು ದಿನ ಒಟ್ಟಿಗೆ ಸವೆದ ಜೋಡಿಯನ್ನು ಬೇರೆ ಮಾಡಿ ಒಂದನ್ನೇ ಬದಲಿಸಿದರೆ ಗುಂಯ್ ಅನ್ನುವ ಸದ್ದು ಗ್ಯಾರಂಟಿ.

1973ರಿಂದ 87ರವರೆಗಿನ ಷೆವರ್ಲೆ ಫೋರ್‌ವೀಲ್ ಪಿಕಪ್ಪಿನ ಮುಂದಿನ ಡಿಫರೆನ್ಷಿಯಲ್ ಬಲಕ್ಕಿದೆ. 1980ರ ದಶಕದ ಫೋರ್ಡಿನದು ಎಡಕ್ಕೆ! ಹಾಗಾದರೆ ಆಕ್ಸೆಲ್ಲನ್ನೇ ಬೋರಲು ಹಾಕಿ ಕಟ್ಟಿದರೆ? ಡಿಫರೆನ್ಷಿಯಲ್ಲಿನ ಗುಂಬ ಸರಿಯಾದ ಬದಿಗೆ ಬರುತ್ತದೆ, ಚಕ್ರ ಮಾತ್ರ ಉಲ್ಟಾ ತಿರುಗುತ್ತದೆ!

ನಮ್ಮಲ್ಲಿ ಮಹೀಂದ್ರ 1947ರಿಂದ ಜೋಡಿಸಲು ಶುರುಮಾಡಿದ ವಿಲ್ಲಿಸ್ ಜೀಪನ್ನು ಹಿಂದಿನಿಂದ ನೋಡಿ. ಅದರ ಹಿಂದಿನ ಡಿಫರೆನ್ಷಿಯಲ್ಲೂ ನಡುವಿನಲ್ಲಿಲ್ಲ, ಬಲಕ್ಕೆ ಸರಿದಿದೆ!

ಆ ಜೀಪಿನ ಚಕ್ರದ ಐದು ಬೋಲ್ಟುಗಳು 139.7 ಮಿಲಿಮೀಟರ್ ವೃತ್ತದಲ್ಲಿವೆ. ಅಂದರೆ ಐದೂವರೆ ಅಂಗುಲ. ಹಳೇ ಫೋರ್ಡ್ ಎಫ್-100 ಪಿಕಪ್ಪಿನದೂ ಅಷ್ಟೇ. ಮಲೆನಾಡಿನ ಕಾಫಿ ತೋಟಗಳಲ್ಲಿ ಓಡಾಡುವ ಮಾರುತಿ ಜಿಪ್ಸಿಯದೂ ಅಷ್ಟೇ! ನಡುವಿನ ದೊಡ್ಡ ತೂತಿನ ಅಳತೆ ಬೇರೆ ಅನ್ನುವುದು ಬೇರೆ ಮಾತು.

ಚಕ್ರ ತಿರುಗಿಸದೆಯೂ ಗೇರಿನ ಅನುಪಾತ ತಿಳಿಯಬೇಕೇ? 1980ರ ದಶಕದ ಷೆವರ್ಲೆ ಪಿಕಪ್ಪಿನಲ್ಲಿ ಆ ಉತ್ತರ ಎಲ್ಲಿರುತ್ತದೆ ಗೊತ್ತೇ? ಡ್ಯಾಶ್‌ಬೋರ್ಡಿನ ಖಾನೆಯ ಬಾಗಿಲಿನ ಒಳಬದಿಯಲ್ಲಿ! ಅಲ್ಲೊಂದು ಚೀಟಿ ಅಂಟಿಸಿದ್ದಾರೆ. ಜಿಟಿ4 ಅಂದರೆ 3.73, ಜಿಟಿ5 ಅಂದರೆ 4.10. ಜಿ80 ಇದ್ದರೆ ಕೆಸರಿನಲ್ಲಿ ಎರಡೂ ಹಿಂಚಕ್ರ ಒಟ್ಟಿಗೆ ಎಳೆಯುತ್ತವೆ. ನಲವತ್ತು ವರ್ಷದಲ್ಲಿ ಯಾರೂ ಆಕ್ಸೆಲ್ ಬದಲಿಸಿಲ್ಲವಾದರೆ ನಿಮ್ಮ ಅದೃಷ್ಟ.

ಎಲ್ಲ ಮುಗಿಸಿ ಹಳೇ ಡಾಡ್ಜ್ ಪಿಕಪ್ಪಿನ ಎಡಗಡೆ ಚಕ್ರ ಬಿಚ್ಚಲು ಕೂತಿದ್ದೀರಿ. ನಟ್ಟು ಅಲ್ಲಾಡುತ್ತಿಲ್ಲ. ಪಾನಾಗೆ ಉದ್ದನೆಯ ಪೈಪು ಸಿಕ್ಕಿಸಿ ಜಗ್ಗುತ್ತಿದ್ದೀರಿ. ನಿಲ್ಲಿ, ನಿಲ್ಲಿ! ಸ್ಟಡ್ ತುದಿಯಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಇದೆಯೇ ನೋಡಿ. ಇದ್ದರೆ ಅದು ಎಡಮರೆ, ತಿರುಗಿಸುವ ದಿಕ್ಕೇ ಉಲ್ಟಾ. ನೀವು ಇಷ್ಟು ಹೊತ್ತೂ ಬಿಗಿ ಮಾಡುತ್ತಿದ್ದಿರಿ!