ಎಲ್ವಿನ್ ಕಾಡಿನ ಕಲ್ಲು

‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಕಂಪ್ಯೂಟರ್ ಆಟದಲ್ಲಿ ಎಲ್ವಿನ್ ಅಂತ ಒಂದು ಕಾಡಿದೆ. 2024ರಿಂದ ಆ ಕಾಡಿನಲ್ಲಿ ಒಂದು ಸಮಾಧಿ ಕಲ್ಲೂ ಇದೆ. ಅದು ಐಬೆಲಿನ್ ರೆಡ್‌ಮೂರ್ ಎಂಬ ಪತ್ತೇದಾರನದು. ಈ ಐಬೆಲಿನ್ ಆಟದೊಳಗಿನ ಪಾತ್ರ ಮಾತ್ರ. ಆದರೆ ಅವನನ್ನು ಓಡಿಸುತ್ತಿದ್ದ, ಮಾತಾಡಿಸುತ್ತಿದ್ದ ಹುಡುಗ ನಿಜಕ್ಕೂ ಇದ್ದ. ಅವನು ನಾರ್ವೆಯ ಮ್ಯಾಟ್ಸ್ ಸ್ಟೀನ್. ಆ ಕಲ್ಲು ಅಲ್ಲಿಗೆ ಹೇಗೆ ಬಂತು ಎಂದು ತಿಳಿದ ದಿನದಿಂದ, ಅದನ್ನು ಯಾರಿಗಾದರೂ ಹೇಳುವವರೆಗೆ ನನಗೆ ಸಮಾಧಾನವಿಲ್ಲ.

ಮ್ಯಾಟ್ಸ್ ಹುಟ್ಟಿದ್ದು 1989ರಲ್ಲಿ. ನಾಲ್ಕನೇ ವಯಸ್ಸಿಗೆ ಡುಶೆನ್ ಎಂಬ ಸ್ನಾಯುರೋಗ ಇರುವುದು ಗೊತ್ತಾಯಿತು. ಹೆಚ್ಚಾಗಿ ಗಂಡುಮಕ್ಕಳಿಗೇ ಬರುವ ಈ ಕಾಯಿಲೆಯಲ್ಲಿ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೋಲುತ್ತಾ ಹೋಗುತ್ತವೆ. ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಉಸಿರು ಮತ್ತು ಹೃದಯ. ಗಾಲಿಕುರ್ಚಿ ಹಿಡಿದ ಹುಡುಗ ಬೆಳೆಯುತ್ತಾ ಕಂಪ್ಯೂಟರಿನ ಮುಂದೆ ಕೂತುಬಿಟ್ಟ. ಕೊನೆಯ ಹತ್ತು ವರ್ಷಗಳಲ್ಲಿ ಅವನು ಆಟದಲ್ಲಿ ಕಳೆದದ್ದು 15,000ದಿಂದ 20,000 ಗಂಟೆ. ರಾತ್ರಿಯೆಲ್ಲ ಆಡಿ ಹಗಲು ಮಲಗುವ ಮಗನನ್ನು ನೋಡಿ ಅಪ್ಪ ರಾಬರ್ಟ್, ಅಮ್ಮ ಟ್ರೂಡ ಇಬ್ಬರಿಗೂ ಒಂದೇ ಕೊರಗು: ಇವನಿಗೆ ಸ್ನೇಹಿತರಿಲ್ಲ, ಪ್ರೀತಿಸುವವರಿಲ್ಲ, ಯಾರ ಬದುಕಿಗೂ ಇವನಿಂದ ಏನೂ ಆಗಲಿಲ್ಲ.

ಸತ್ತಾಗ ಹೊರಲು ನಾಲ್ಕು ಜನರನ್ನಾದರೂ ಸಂಪಾದಿಸಿರಬೇಕು ಅನ್ನುತ್ತಾರೆ ನಮ್ಮ ಕಡೆ. 2014ರ ನವೆಂಬರ್ 18ರಂದು ಮ್ಯಾಟ್ಸ್ ತೀರಿಕೊಂಡ. ಅವನಿಗಾಗ 25 ವರ್ಷ. ಮಗನಿಗೆ ಆ ನಾಲ್ಕು ಜನ ಎಲ್ಲಿದ್ದಾರೆ ಎಂಬುದು ಅಪ್ಪ ಅಮ್ಮನಿಗೆ ಗೊತ್ತಿರಲಿಲ್ಲ. ಮ್ಯಾಟ್ಸ್ ಅಂತರ್ಜಾಲದಲ್ಲಿ ತನ್ನ ಬದುಕಿನ ಬಗ್ಗೆ ಬರೆದುಕೊಳ್ಳುತ್ತಿದ್ದ, ಅದರ ಪಾಸ್‌ವರ್ಡ್ ಬಿಟ್ಟುಹೋಗಿದ್ದ. ರಾಬರ್ಟ್ ಅದನ್ನು ಬಳಸಿ ಮಗ ಹೋದ ಸುದ್ದಿ ಬರೆದು, ಯಾರಾದರೂ ಮಾತಾಡಬೇಕೆನಿಸಿದರೆ ಇರಲಿ ಎಂದು ತಮ್ಮ ಮೇಲ್ ವಿಳಾಸ ಹಾಕಿದರು.

ಮೊದಲ ಮೇಲ್ ಬಂತು. ಇನ್ನೊಂದು ಬಂತು. ಆಮೇಲೆ ನಿಲ್ಲಲೇ ಇಲ್ಲ.

ಬರೆದವರು ‘ಸ್ಟಾರ್‌ಲೈಟ್’ ಎಂಬ ಗಿಲ್ಡಿನವರು. ಗಿಲ್ಡ್ ಎಂದರೆ ಆಟದೊಳಗೆ ಒಟ್ಟಿಗೆ ಸೇರಿ ಆಡುವವರ ಕೂಟ. ಇದರಲ್ಲಿ ಮೂವತ್ತರಷ್ಟು ಜನ ಇದ್ದರು, ಯುರೋಪಿನ ಹಲವು ದೇಶಗಳವರು. ನೆದರ್ಲೆಂಡ್ಸ್‌ನ ಒಬ್ಬ ಹುಡುಗಿಯ ಪಾತ್ರ ಇದೇ ಎಲ್ವಿನ್ ಕಾಡಿನಲ್ಲಿ ಐಬೆಲಿನ್‌ನ ಟೋಪಿ ಕಿತ್ತುಕೊಂಡು ಓಡಿತ್ತು, ಸ್ನೇಹ ಶುರುವಾದದ್ದೇ ಹಾಗೆ. ಮುಂದೆ ಆಟ ಹೆಚ್ಚಾಯಿತೆಂದು ಮನೆಯವರು ಅವಳ ಕಂಪ್ಯೂಟರ್ ಎತ್ತಿಟ್ಟಾಗ ಅವಳು ಮಂಕಾದಳು. ಮ್ಯಾಟ್ಸ್ ಅವಳ ಅಪ್ಪ ಅಮ್ಮನಿಗೇ ಕಾಗದ ಬರೆದ. ಆಟ ನಿಮ್ಮ ಮಗಳಿಗೆ ಏನಾಗಿದೆ ಎಂದು ಒಬ್ಬ ಹಿರಿಯನ ಹಾಗೆ ತಿಳಿಸಿ ಹೇಳಿದ. ಡೆನ್ಮಾರ್ಕಿನ ಒಬ್ಬ ತಾಯಿಗೆ ಆಟಿಸಂ ಇರುವ ಮಗ. ಅಪ್ಪಿಕೊಳ್ಳಲು ಬಿಡದ ಮಗ. ಇಬ್ಬರೂ ಒಟ್ಟಿಗೆ ಆಡಿ ಎಂದು ಅವಳಿಗೆ ಹೇಳಿದವನು ಮ್ಯಾಟ್ಸ್. ಆಟದೊಳಗೆ ಮಗನ ಪಾತ್ರ ಅಮ್ಮನ ಪಾತ್ರವನ್ನು ತಬ್ಬಿಕೊಂಡಿತು.

ಇವರಲ್ಲಿ ಯಾರೂ ಮ್ಯಾಟ್ಸ್‌ನನ್ನು ಮುಖಾಮುಖಿ ಕಂಡಿರಲಿಲ್ಲ. ಕ್ಯಾಮೆರಾ ಬೇಡ, ಧ್ವನಿಯೂ ಬೇಡ, ಟೈಪ್ ಮಾಡುವುದಷ್ಟೇ ಅವನ ಪದ್ಧತಿ. ಕಾಯಿಲೆಯ ವಿಷಯ ಅವರಿಗೆ ತಿಳಿದದ್ದು ಕೊನೆಕೊನೆಗೆ. ಅಲ್ಲಿಯವರೆಗೆ ಅವರಿಗೆ ಗೊತ್ತಿದ್ದದ್ದು ಗಟ್ಟಿ ಮೈಕಟ್ಟಿನ ಐಬೆಲಿನ್, ಲಾಗಿನ್ ಆದ ಕೂಡಲೇ ಅರ್ಧ ಗಂಟೆ ಓಡಿ ಬರುತ್ತಿದ್ದವನು. ನಡೆಯಲಾಗದ ಹುಡುಗ ದಿನಾ ಮಾಡುತ್ತಿದ್ದ ಮೊದಲ ಕೆಲಸ ಓಟ.

ಅಂತ್ಯಕ್ರಿಯೆಗೆ ಓಸ್ಲೋಗೆ ಗಿಲ್ಡಿನ ಐವರು ಬಂದರು: ಡೆನ್ಮಾರ್ಕಿನಿಂದ ಇಬ್ಬರು, ನೆದರ್ಲೆಂಡ್ಸ್, ಇಂಗ್ಲೆಂಡ್, ಫಿನ್ಲೆಂಡ್‌ಗಳಿಂದ ಒಬ್ಬೊಬ್ಬರು. ಟಿಕೆಟಿಗೆ ದುಡ್ಡಿಲ್ಲದವರಿಗೆ ಉಳಿದವರು ಚಂದಾ ಎತ್ತಿದ್ದರು. ಬರಲಾಗದವರು ಇದ್ದಲ್ಲೇ ದೀಪ ಹಚ್ಚಿದರು. ನೆದರ್ಲೆಂಡ್ಸ್‌ನ ಒಂದು ಶಾಲೆಯ ಕೋಣೆಯಲ್ಲಿ, ಐರ್ಲೆಂಡಿನ ಕಾಲ್ ಸೆಂಟರಿನಲ್ಲಿ, ಸ್ವೀಡನ್ನಿನ ಒಂದು ಗ್ರಂಥಾಲಯದಲ್ಲಿ. ಮಗನಿಗೆ ಇಷ್ಟು ಜನ ಇದ್ದಾರೆಂಬುದು ಅಪ್ಪ ಅಮ್ಮನಿಗೆ ಗೊತ್ತೇ ಇರಲಿಲ್ಲ.

ಆಟದವರ ಇಂಥ ದುಃಖಕ್ಕೆ ಮರ್ಯಾದೆ ಸುಲಭವಾಗಿ ಸಿಕ್ಕಿದ್ದಲ್ಲ. 2006ರಲ್ಲಿ ಇದೇ ಆಟದಲ್ಲಿ ದೊಡ್ಡ ಜಗಳವೇ ನಡೆದಿತ್ತು. ತೀರಿಕೊಂಡ ಆಟಗಾರ್ತಿಯೊಬ್ಬರಿಗೆ ಗೆಳೆಯರು ಆಟದೊಳಗೇ ಶೋಕಸಭೆ ಇಟ್ಟುಕೊಂಡರು. ಆಕೆಗೆ ಹಿಮ ಇಷ್ಟ, ಮೀನು ಹಿಡಿಯುವುದು ಇಷ್ಟ ಎಂದು ವಿಂಟರ್‌ಸ್ಪ್ರಿಂಗ್ ಎಂಬ ಹಿಮದ ನಾಡನ್ನೇ ಆರಿಸಿಕೊಂಡು ಸಾಲಾಗಿ ನಿಂತರು. ‘ಸೆರೆನಿಟಿ ನೌ’ ಎಂಬ ಎದುರಾಳಿ ಗಿಲ್ಡಿನವರು ನುಗ್ಗಿ ಅಷ್ಟೂ ಜನರನ್ನು ಕೊಚ್ಚಿಹಾಕಿ, ಅದರ ವಿಡಿಯೊ ಮಾಡಿ ಹಂಚಿದರು. ಇದು ಯುದ್ಧಕ್ಕೆಂದೇ ಇರುವ ಸರ್ವರ್, ಜಾಗ ಸಮಯ ಎಲ್ಲ ನೀವೇ ಸಾರಿದ್ದಿರಿ, ನಿಯಮದಲ್ಲಿ ತಪ್ಪೇನಿದೆ ಎಂಬುದು ಅವರ ವಾದ. ನಿಯಮದಲ್ಲಿ ತಪ್ಪಿರಲಿಲ್ಲ, ನಿಜ. ಆದರೆ ಹೆಣ ಹೋಗುವ ದಾರಿಯಲ್ಲಿ ವೈರಿಯೂ ಪಕ್ಕಕ್ಕೆ ಸರಿದು ನಿಲ್ಲುವ ಊರಿನವನು ನಾನು. ಅದನ್ನು ಗೆಲುವು ಎನ್ನಲು ನನ್ನಿಂದಾಗದು.

ಆರು ವರ್ಷದ ಮೇಲೆ ಐಸ್‌ಲೆಂಡಿನ ‘ಈವ್ ಆನ್‌ಲೈನ್’ ಆಟದಲ್ಲಿ ಕಂಡದ್ದು ಬೇರೆಯದೇ ನೋಟ. 2012ರ ಸೆಪ್ಟೆಂಬರ್ 11ರಂದು ಲಿಬಿಯಾದ ಬೆಂಗಾಜಿಯಲ್ಲಿ ಅಮೆರಿಕದ ರಾಜತಾಂತ್ರಿಕ ಕಚೇರಿಯ ಮೇಲೆ ದಾಳಿಯಾಗಿ ಅಲ್ಲಿ ಕೆಲಸದಲ್ಲಿದ್ದ ಶಾನ್ ಸ್ಮಿತ್ ಸತ್ತರು. ಆಟದಲ್ಲಿ ಅವರು ‘ವೈಲ್ ರ‍್ಯಾಟ್’, ಬಣಗಳ ನಡುವೆ ಸಂಧಾನ ಮಾಡುವುದರಲ್ಲಿ ಎತ್ತಿದ ಕೈ. ಆಟದ ಆಕಾಶದಲ್ಲಿದ್ದ ನಿಲ್ದಾಣಗಳಿಗೆ ಆಟಗಾರರು ಒಂದಾದ ಮೇಲೊಂದರಂತೆ ಅವರ ಹೆಸರಿಟ್ಟರು.

ಮ್ಯಾಟ್ಸ್‌ನ ಕತೆ ಹೊರಜಗತ್ತಿಗೆ ತಿಳಿದದ್ದು 2019ರಲ್ಲಿ, ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ ಪ್ರಕಟಿಸಿದ ದೀರ್ಘ ವರದಿಯಿಂದ. ಬೆಂಜಮಿನ್ ರೀ ಅದನ್ನು ಸಾಕ್ಷ್ಯಚಿತ್ರ ಮಾಡಿದರು. 2024ರ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಅದಕ್ಕೆ ಎರಡು ಪ್ರಶಸ್ತಿ ಬಂದವು, ಅದೇ ವರ್ಷ ನೆಟ್‌ಫ್ಲಿಕ್ಸ್‌ಗೂ ಬಂತು. ಆ ಚಿತ್ರದಲ್ಲಿ ಐಬೆಲಿನ್ ಆಡುವ ಮಾತು, ಮಾಡುವ ತುಂಟತನ ಕಟ್ಟುಕತೆಯಲ್ಲ. ಗಿಲ್ಡಿನವರು ಆಟದೊಳಗೆ ಟೈಪ್ ಮಾಡಿದ ಮಾತುಗಳನ್ನೆಲ್ಲ ತೆಗೆದಿಟ್ಟಿದ್ದರು, 42,000 ಪುಟಗಳಷ್ಟು. ಚಿತ್ರ ಬಹುಪಾಲು ಮುಗಿದ ಮೇಲೆ ನಿರ್ದೇಶಕರು ಆಟದ ಒಡೆಯ ಬ್ಲಿಝಾರ್ಡ್ ಕಂಪನಿಗೆ ತೋರಿಸಿ ಅನುಮತಿ ಕೇಳಿದರು, ಸಿಕ್ಕಿತು. ಕಲ್ಲು ನೆಟ್ಟದ್ದೂ ಆ ಕಂಪನಿಯೇ.

ಆ ಕಲ್ಲಿನ ಆಯಸ್ಸಿನ ಬಗ್ಗೆ ಮಾತ್ರ ನನಗೆ ಭಯ. ಬೇಗೂರಿನ ವೀರಗಲ್ಲು ಮಳೆ ಬಿಸಿಲು ತಡೆದು ಸಾವಿರ ವರ್ಷ ದಾಟಿತು. ಸರ್ವರಿನೊಳಗಿನ ಕಲ್ಲಿಗೆ ಕಂಪನಿ ನಡೆಸುವಷ್ಟು ದಿನ ಮಾತ್ರ ಬಾಳಿಕೆ. ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ ಎಂಬ ಆಟವನ್ನು 2011ರ ಡಿಸೆಂಬರ್ 15ರಂದು ಮುಚ್ಚಿದಾಗ, ಆಟಗಾರರು ಎಂಟು ವರ್ಷ ಕಟ್ಟಿಕೊಂಡಿದ್ದ ಮನೆ, ಊರುಗಳೆಲ್ಲ ಒಂದೇ ದಿನ ಅಳಿಸಿಹೋದವು. ಮ್ಯಾಟ್ಸ್‌ನ ಕತೆ ಉಳಿದದ್ದು ಗೆಳೆಯರು ಪುಟಗಳನ್ನು ಎತ್ತಿಟ್ಟದ್ದರಿಂದ, ಅಪ್ಪನ ಕೈಗೆ ಒಂದು ಪಾಸ್‌ವರ್ಡ್ ಸಿಕ್ಕಿದ್ದರಿಂದ.

ಹಾಗಾಗಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಆಡುವ ಮಗನೋ ಮಗಳೋ ಇದ್ದರೆ, ಯಾರ ಜೊತೆ ಆಡುತ್ತೀಯಪ್ಪಾ, ಯಾರ ಜೊತೆ ಆಡುತ್ತೀಯಮ್ಮಾ ಎಂದು ಈ ವಾರ ಒಮ್ಮೆ ಕೇಳಿ. ಹೇಳಿದ ಹೆಸರುಗಳನ್ನು, ಅವು ಎಷ್ಟೇ ವಿಚಿತ್ರವಾಗಿದ್ದರೂ, ಒಂದು ಕಡೆ ಬರೆದಿಟ್ಟುಕೊಳ್ಳಿ.