ಪ್ಲೇಟ್‌ಲೆಟ್‌ಗಳಿಗೆ ಕಡಿವಾಣ

ಗಾಯವಾದಾಗ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ರಕ್ತ ನಿಲ್ಲಿಸುತ್ತವೆ. ಗಾಯವೇ ಇಲ್ಲದಾಗ ಏಕೆ ಅಂಟುವುದಿಲ್ಲ ಎಂದು ಓದುಗರೊಬ್ಬರು ಕೇಳಿದ್ದಾರೆ. ಡೆಂಗಿ ಬಂದಾಗಲೆಲ್ಲ ನಾವು ‘ಕೌಂಟ್ ಎಷ್ಟು?’ ಎಂದಷ್ಟೇ ವಿಚಾರಿಸುತ್ತೇವೆ. ಮೈಕ್ರೋಲೀಟರಿಗೆ 1.5ರಿಂದ 4.5 ಲಕ್ಷದಷ್ಟಿರುವ ಈ ಕಣಗಳನ್ನು ಸುಮ್ಮನಿರಿಸುವುದು ದೇಹಕ್ಕೆ ಬಿಡುವಿಲ್ಲದ ಕೆಲಸ. ಕೌಂಟ್ ಏರಿಸುವ ಸೊಪ್ಪಿನ ರಸಗಳ ಜಾಹೀರಾತುಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ.

ಪ್ಲೇಟ್‌ಲೆಟ್‌ಗಳನ್ನು ಸುಮ್ಮನಿರಿಸುವ ಈ ಗುಟ್ಟಿನ ಜಾಡು ಹಿಡಿದವರಲ್ಲಿ ಗುಸ್ಟಾವ್ ಬಾರ್ನ್ ಮುಖ್ಯರು. 1935–36ರಲ್ಲಿ ಸಿ.ವಿ. ರಾಮನ್ ಅವರ ಆಹ್ವಾನದಂತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರ ಮಗ. ಬ್ರಿಟಿಷ್ ಸೇನೆಯ ವೈದ್ಯರಾಗಿ ಜಪಾನಿನಲ್ಲಿದ್ದಾಗ, ಹಿರೋಷಿಮಾದ ಸಂತ್ರಸ್ತರು ರಕ್ತಸ್ರಾವದಿಂದ ನರಳುವುದನ್ನು ಗುಸ್ಟಾವ್ ಕಂಡರು. ವಿಕಿರಣಕ್ಕೆ ಮೂಳೆಮಜ್ಜೆ ಹಾಳಾಗಿ ಪ್ಲೇಟ್‌ಲೆಟ್‌ಗಳೇ ಹುಟ್ಟುತ್ತಿರಲಿಲ್ಲ.

ಪ್ಲೇಟ್‌ಲೆಟ್‌ಗಳ ಅಂಟುವಿಕೆಯನ್ನು ಅಳೆಯಲು 1962ರಲ್ಲಿ ಅವರು ಪ್ರಕಟಿಸಿದ ವಿಧಾನ ನಮ್ಮ ಮಜ್ಜಿಗೆ ಕಡೆಯುವ ಕೆಲಸವನ್ನೇ ಹೋಲುತ್ತದೆ. ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ ಮಸುಕಾಗಿರುತ್ತದೆ. ಅದನ್ನು ಕದಡುತ್ತ ಅಂಟುವಿಕೆಯನ್ನು ಪ್ರಚೋದಿಸುವ ಎಡಿಪಿ ಎಂಬ ರಾಸಾಯನಿಕವನ್ನು ಚೂರು ಬೆರೆಸಿದರೆ, ಕಡೆಗೋಲಿಗೆ ಬೆಣ್ಣೆ ಕೂಡಿಬಂದಂತೆ ಕಣಗಳು ಮುದ್ದೆಗಟ್ಟುತ್ತವೆ, ಉಳಿದ ದ್ರವ ತಿಳಿಯಾಗುತ್ತದೆ. ಅದರೊಳಗೆ ಹಾಯುವ ಬೆಳಕು ಎಷ್ಟು ಹೆಚ್ಚಿತೆಂದು ಅಳೆದರೆ ಅಂಟುವಿಕೆಯ ಲೆಕ್ಕ ಸಿಕ್ಕಿತು. ಆದರೆ ಈ ‘ಬೆಣ್ಣೆ’ಗೆ ಇನ್ನೊಂದು ಗುಣವಿದೆ: ಎಡಿಪಿ ಕಡಿಮೆಯಿದ್ದರೆ ಮುದ್ದೆ ತಾನಾಗಿಯೇ ಕರಗಿ ಮತ್ತೆ ಮಸುಕು ಮರಳುತ್ತದೆ! ಪ್ಲಾಸ್ಮಾದಲ್ಲೂ ರಕ್ತನಾಳದ ಒಳಗೋಡೆಯಲ್ಲೂ ಇರುವ ಕಿಣ್ವಗಳು ಎಡಿಪಿಯನ್ನು ಒಡೆಯುತ್ತವೆ. ಕೊನೆಗೆ ಉಳಿಯುವ ಅಡೆನೊಸಿನ್ ಅಂಟುವಿಕೆಯನ್ನೇ ತಡೆಯುತ್ತದೆ. ಪ್ರಚೋದಕವೇ ಒಡೆದು ತಡೆಗಾರನಾಗುವ ಈ ಏರ್ಪಾಡು ನನಗೆ ಇಡೀ ಶರೀರಕ್ರಿಯಾ ವಿಜ್ಞಾನದಲ್ಲೇ ಅತಿ ಸೊಗಸಾದುದು ಎನಿಸುತ್ತದೆ.

1976ರಲ್ಲಿ ಇಂಗ್ಲೆಂಡಿನ ವೆಲ್ಕಮ್ ಪ್ರಯೋಗಾಲಯದಲ್ಲಿ ಜಾನ್ ವೇನ್, ಸಾಲ್ವಡೋರ್ ಮೊಂಕಾಡ ಮತ್ತು ಸಂಗಡಿಗರು ಇನ್ನೂ ಬಲವಾದ ತಡೆಗಾರನನ್ನು ಕಂಡರು: ರಕ್ತನಾಳದ ಗೋಡೆಯೇ ತಯಾರಿಸುವ ಪ್ರೊಸ್ಟಾಸೈಕ್ಲಿನ್. ಅದೇ ಗೋಡೆ ಹೊರಬಿಡುವ ನೈಟ್ರಿಕ್ ಆಕ್ಸೈಡ್ ಕೂಡ ಇದಕ್ಕೆ ಕೈಜೋಡಿಸುತ್ತದೆಂದು ಮುಂದೆ ತಿಳಿಯಿತು. ಗೋಡೆ ಹರಿದ ಜಾಗದಲ್ಲಿ ಇವುಗಳ ಪೂರೈಕೆ ನಿಲ್ಲುವುದರಿಂದ ಪ್ಲೇಟ್‌ಲೆಟ್‌ಗಳಿಗೆ ಅಲ್ಲಿ ಅಡ್ಡಿಯಿಲ್ಲ. ಪಕ್ಕದ ಆರೋಗ್ಯವಂತ ಗೋಡೆ ಮುದ್ದೆಯನ್ನು ಹಬ್ಬಗೊಡುವುದಿಲ್ಲ. ಪ್ರೊಸ್ಟಾಸೈಕ್ಲಿನ್‌ನ ಆಯುಸ್ಸು ಕೆಲವೇ ನಿಮಿಷ. ಹಾಗಾಗಿ ಶ್ವಾಸಕೋಶದ ಅಧಿಕ ರಕ್ತದೊತ್ತಡದವರಿಗೆ ಅದನ್ನು ಔಷಧಿಯಾಗಿ ಕೊಡುವಾಗ, ಪುಟ್ಟ ಪಂಪ್ ಹಗಲೂ ರಾತ್ರಿ ಅದನ್ನು ರಕ್ತನಾಳಕ್ಕೆ ಹನಿಸುತ್ತಲೇ ಇರಬೇಕು.